ಒಂದೇ ಗಿಡ, ಮೂರು ಮೈಕಟ್ಟು

ಫ್ರಾನ್ಸಿನ ಷಾಂಪೇನ್ ಪ್ರಾಂತದಲ್ಲಿ ಜುಲೈ ತಿಂಗಳಿನ ಕೊನೆಗೆ ಕೆಲವು ಹೊಲಗಳೊಳಗೆ ಮನುಷ್ಯ ನುಗ್ಗುವುದೇ ಕಷ್ಟ. ಪೆನ್ಸಿಲಿನಷ್ಟೇ ದಪ್ಪದ ಕಡ್ಡಿಗಳು ಒಂದಕ್ಕೊಂದು ಒತ್ತಿಕೊಂಡು ಎರಡು ಎರಡೂವರೆ ಮೀಟರು ಎತ್ತರಕ್ಕೆ ನಿಂತಿರುತ್ತವೆ. ಕೊಂಬೆಯೆಂಬುದಿಲ್ಲ, ನೆತ್ತಿಯಲ್ಲಿ ಮಾತ್ರ ಒಂದು ಹಿಡಿ ಎಲೆ. ಫಿನ್‌ಲೆಂಡಿನ ಹೊಲದಲ್ಲಿ ಕಾಣುವುದು ಬೇರೊಂದು ನೋಟ: ಆಳಿನ ಎದೆಯ ಮಟ್ಟಕ್ಕೆ ನಿಂತು ಬೆಳವಣಿಗೆಯನ್ನು ಮುಗಿಸಿ, ತೆನೆಯ ತುಂಬ ಕಾಳು ಕಟ್ಟಿಕೊಂಡ ಕುಳ್ಳು ಗಿಡಗಳು. ಹಿಂದೂಕುಶ್ ಪರ್ವತದ ಕಣಿವೆಗಳಲ್ಲಾದರೋ ಬುಡದಿಂದಲೇ ಕವಲೊಡೆದು, ಅಗಲವಾದ ಎಲೆಗಳನ್ನು ಹರಡಿ, ಗೋಪುರದಾಕಾರದ ಪೊದೆಯಾಗಿ ನಿಲ್ಲುವ ಗಿಡವಿದೆ. ಇವು ಮೂರೂ ಒಂದೇ ಕುಲದ ಸಸ್ಯ. ಮೂರಕ್ಕೂ ವರ್ಣತಂತುಗಳ ಸಂಖ್ಯೆ 20. ಒಂದರ ಪರಾಗ ಇನ್ನೊಂದರ ಮೇಲೆ ಬಿದ್ದರೆ ಯಾವ ತಕರಾರೂ ಇಲ್ಲದೆ ಬೀಜ ಕಟ್ಟುತ್ತದೆ. ಇಂಗ್ಲಿಷಿನವರು ನಾರಿನ ಬೆಳೆಯನ್ನು ಹೆಂಪ್ ಎನ್ನುತ್ತಾರೆ. ನಾವು ಸೊಪ್ಪನ್ನು ಭಂಗಿಯೆಂದೂ ಹೂವಿನ ತೆನೆಯನ್ನು ಗಾಂಜಾ ಎಂದೂ ಕರೆಯುತ್ತೇವೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಕ್ಯಾನಬಿಸ್.

ಹೆಸರಿನ ವಿಷಯದಲ್ಲಿ ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ರೈತರು ಬೆಳೆಯುವ ಸಣಬಿಗೂ ಈ ಗಿಡಕ್ಕೂ ಯಾವ ನಂಟೂ ಇಲ್ಲ. ಹುರಿಹಗ್ಗದ ಸಣಬು ಅವರೆ ತೊಗರಿಗಳ ಬಳಗದ್ದು. ಉತ್ತರ ಕರ್ನಾಟಕದಲ್ಲಿ ಪಲ್ಯಕ್ಕೂ ನಾರಿಗೂ ಒದಗುವ ಪುಂಡಿ ದಾಸವಾಳದ ಬಳಗದ್ದು. ಆದರೆ ಪುಂಡಿಯ ಎಲೆ ಹಸ್ತದಂತೆ ಸೀಳಿರುವುದನ್ನು ಕಂಡು ಸಸ್ಯಶಾಸ್ತ್ರಜ್ಞರು ಅದಕ್ಕೆ ಹಿಬಿಸ್ಕಸ್ ಕ್ಯಾನಬಿನಸ್ ಎಂದು ನಾಮಕರಣ ಮಾಡಿದರು. ಎಲೆಯೊಂದನ್ನೇ ನೋಡಿ ಗಿಡವನ್ನು ಗುರುತಿಸಲು ಹೋಗುವವರಿಗೆ ಇದೊಂದು ಎಚ್ಚರಿಕೆ.

ಲಿನೇಯಸನು 1753ರಲ್ಲಿ ಯೂರೋಪಿನ ನಾರಿನ ಗಿಡಕ್ಕೆ ಕ್ಯಾನಬಿಸ್ ಸಟೈವ ಎಂದು ಹೆಸರಿಟ್ಟನು. 1785ರಲ್ಲಿ ಫ್ರಾನ್ಸಿನ ಲಮಾರ್ಕನು ಭಾರತದಿಂದ ಬಂದ ಒಣಗಿಡಗಳನ್ನು ಪರೀಕ್ಷಿಸಿ, ಇದು ಕುಳ್ಳಗೆ ಹೆಚ್ಚು ಕವಲೊಡೆದಿದೆ, ಕಾಂಡ ಗಟ್ಟಿಯಾಗಿದೆ, ಆದುದರಿಂದ ಬೇರೆಯೇ ಜಾತಿಯೆಂದು ಕ್ಯಾನಬಿಸ್ ಇಂಡಿಕ ಎಂದು ಕರೆದನು. 1924ರಲ್ಲಿ ರಷ್ಯದ ಯಾನಿಷೆವ್‌ಸ್ಕಿ ಓಲ್ಗಾ ನದಿಯ ಪ್ರಾಂತದಲ್ಲಿ ಕಾಡಾಗಿ ಬೆಳೆಯುವ ಸಣ್ಣ ಗಿಡವನ್ನು ಕಂಡು ರೂಡರಾಲಿಸ್ ಎಂಬ ಮೂರನೆಯ ಹೆಸರನ್ನು ಕೊಟ್ಟನು. ಇವು ಮೂರು ಜಾತಿಗಳೋ, ಒಂದೇ ಜಾತಿಯ ಮೂರು ಬಗೆಗಳೋ ಎಂಬ ವಾದ ಇನ್ನೂ ಮುಗಿದಿಲ್ಲ. ವಾದವೇಕೆ ಮುಗಿಯದೆಂದರೆ, ಈ ಗಿಡದ ಮೈಕಟ್ಟು ಅರ್ಧ ಅದರ ಬೀಜದಲ್ಲಿದೆ. ಇನ್ನರ್ಧ ಅದು ನಿಂತ ನೆಲದಲ್ಲಿ, ನೆರೆಯ ಗಿಡದಲ್ಲಿ, ಆ ಊರಿನ ಹಗಲಿನ ಉದ್ದದಲ್ಲಿದೆ. ತಳಿತಜ್ಞನ ಕೆಲಸವೆಲ್ಲ ಈ ಎರಡು ಅರ್ಧಗಳನ್ನು ಬೇರ್ಪಡಿಸಿ ನೋಡುವುದರಲ್ಲಿಯೇ ಇದೆ.

ಭೌತಶಾಸ್ತ್ರವನ್ನು ಕಲಿಸುವವನಿಗೆ ಗಿಡದ ಉಸಾಬರಿ ಏಕೆಂದು ವಾಚಕರು ಕೇಳಬಹುದು. ನೆಲದ ಮೇಲೆ ನೆಟ್ಟಗೆ ನಿಲ್ಲಬೇಕಾದ ಯಾವ ವಸ್ತುವೂ ನಮ್ಮ ಶಾಸ್ತ್ರದಿಂದ ತಪ್ಪಿಸಿಕೊಳ್ಳಲಾರದು. ಒಂದು ಕಡ್ಡಿಯನ್ನು ನಿಲ್ಲಿಸಿ ಅದರ ಎತ್ತರವನ್ನು ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಅದು ತನ್ನ ಭಾರಕ್ಕೆ ತಾನೇ ಬಾಗಿಬಿಡುತ್ತದೆ. ಆ ಎಲ್ಲೆ ಎಷ್ಟೆಂಬುದನ್ನು ಗ್ರೀನ್‌ಹಿಲ್ ಎಂಬ ಇಂಗ್ಲೆಂಡಿನ ಗಣಿತಜ್ಞನು 1881ರಲ್ಲಿ ಲೆಕ್ಕಹಾಕಿ ತೋರಿಸಿದನು. ಧ್ವಜಸ್ತಂಭಕ್ಕೂ ಮರಕ್ಕೂ ಅದೇ ಲೆಕ್ಕ ಸಲ್ಲುತ್ತದೆ. ಎತ್ತರದ ಘನವು ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರಬೇಕೆಂಬುದು ಅದರ ಸಾರ. ಎಂದರೆ, ಗಿಡ ಎರಡರಷ್ಟು ಎತ್ತರವಾಗಬೇಕಾದರೆ ಅದರ ವ್ಯಾಸ ಎರಡರಷ್ಟಾದರೆ ಸಾಲದು, ಸುಮಾರು 2.8ರಷ್ಟಾಗಬೇಕು, ಆಗ ಕಾಂಡಕ್ಕೆ ಬೇಕಾಗುವ ಪದಾರ್ಥ 16 ಪಟ್ಟು. ಎತ್ತರವೆಂಬುದು ಗಿಡಕ್ಕೆ ಬಹಳ ದುಬಾರಿಯ ಸರಕು. ಗಾಳಿಯ ಹೊಡೆತವನ್ನು ಸೇರಿಸಿದರೆ ಬೆಲೆ ಮತ್ತೂ ಏರುತ್ತದೆ.

ಈ ಖರ್ಚನ್ನು ಕಡಿಮೆ ಮಾಡಿಕೊಳ್ಳುವ ಒಂದು ಉಪಾಯ ಬಿದಿರಿಗೆ ಗೊತ್ತು. ಕ್ಯಾನಬಿಸ್ ಕಾಂಡಕ್ಕೂ ಗೊತ್ತು. ಅದೇ ಪೊಳ್ಳಾಗಿರುವುದು. ಗಟ್ಟಿ ಸರಳೊಂದರ ಪದಾರ್ಥವನ್ನೇ ತೆಗೆದುಕೊಂಡು, ಒಳವ್ಯಾಸ ಹೊರವ್ಯಾಸದ ಅರ್ಧದಷ್ಟಿರುವ ಕೊಳವೆಯನ್ನು ಮಾಡಿದರೆ, ಹೊರವ್ಯಾಸ ನೂರಕ್ಕೆ 15ರಷ್ಟು ಮಾತ್ರ ಹಿಗ್ಗುತ್ತದೆ. ಆದರೆ ಬಾಗುವಿಕೆಗೆ ಅದು ಒಡ್ಡುವ ಎದುರು ನೂರಕ್ಕೆ 67ರಷ್ಟು ಹೆಚ್ಚುತ್ತದೆ. ಕಾಂಡ ಬಾಗುವಾಗ ಒಂದು ಮಗ್ಗುಲು ಹಿಗ್ಗುತ್ತದೆ, ಇನ್ನೊಂದು ಮಗ್ಗುಲು ಕುಗ್ಗುತ್ತದೆ, ನಡುವಿನ ಭಾಗ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ನಡುವಿನಲ್ಲಿರುವ ಪದಾರ್ಥದಿಂದ ಪ್ರಯೋಜನ ಕಡಿಮೆ. ಅಂಚಿನಲ್ಲಿರುವುದೇ ಕೆಲಸ ಮಾಡುವುದು. ಕ್ಯಾನಬಿಸ್ ಕಾಂಡವನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಈ ತತ್ತ್ವ ಕಣ್ಣಿಗೆ ಕಟ್ಟುವಂತಿರುತ್ತದೆ. ಒಳಗೆ ಪೊಳ್ಳು, ಅದರ ಸುತ್ತ ಹಗುರವಾದ ಕಟ್ಟಿಗೆಯ ಬಳೆ, ಎಲ್ಲಕ್ಕೂ ಹೊರಗೆ ತೊಗಟೆಯ ಒಳಮೈಗೆ ಅಂಟಿಕೊಂಡು ಎಳೆತಕ್ಕೆ ಜಗ್ಗದ ನಾರಿನ ಕಂತೆಗಳು. ಮನುಷ್ಯ ಹಗ್ಗಕ್ಕೂ ಹಾಯಿಬಟ್ಟೆಗೂ ಕಾಗದಕ್ಕೂ ಸುಲಿದುಕೊಂಡದ್ದು ಗಿಡ ತಾನು ನಿಲ್ಲುವುದಕ್ಕಾಗಿ ಕಟ್ಟಿಕೊಂಡ ಈ ಹೊರಗಟ್ಟನ್ನೇ.

ಈ ನಾರಿನಲ್ಲಿ ಎರಡು ತರ. ಕಾಂಡ ಇನ್ನೂ ನೀಳವಾಗುತ್ತಿರುವಾಗ ಹುಟ್ಟಿ, ಅದರೊಡನೆ ತಾನೂ ಎಳೆಯಲ್ಪಟ್ಟು ಉದ್ದವಾಗುವುದು ಪ್ರಾಥಮಿಕ ನಾರು. ಅದರ ಒಂದೊಂದು ಜೀವಕೋಶ ಸರಾಸರಿ 20 ಮಿಲಿಮೀಟರು ಉದ್ದವಿರುತ್ತದೆ. ಕಾಂಡ ನೀಳವಾಗುವುದು ನಿಂತ ಮೇಲೆ, ಬುಡ ದಪ್ಪವಾಗುವಾಗ ಹುಟ್ಟುವುದು ದ್ವಿತೀಯಕ ನಾರು. ಅದರ ಉದ್ದ ಸುಮಾರು 2 ಮಿಲಿಮೀಟರು. ನೇಯ್ಗೆಗೆ ಮೊದಲನೆಯದು ಬೇಕು. ಆದುದರಿಂದ ನಾರಿನ ಬೆಳೆಗಾರನ ಆಸೆಯನ್ನು ಒಂದೇ ಮಾತಿನಲ್ಲಿ ಹೇಳಬಹುದು: ಕಾಂಡ ನೀಳವಾಗಬೇಕು, ದಪ್ಪವಾಗಬಾರದು, ಕವಲೊಡೆಯಕೂಡದು. ಕವಲು ಹೊರಟ ಕಡೆಯಲ್ಲೆಲ್ಲ ನಾರಿನ ಓಟಕ್ಕೆ ಭಂಗ ಬರುತ್ತದೆ.

ಈ ಆಸೆಯನ್ನು ಬೆಳೆಗಾರ ಬೀಜವನ್ನು ಒತ್ತಾಗಿ ಬಿತ್ತಿಯೇ ಬಹುಮಟ್ಟಿಗೆ ತೀರಿಸಿಕೊಳ್ಳುತ್ತಾನೆ. ನಾರಿಗಾಗಿ ಚದರ ಮೀಟರಿಗೆ 100ರಿಂದ 200ಕ್ಕೂ ಮೇಲ್ಪಟ್ಟು ಗಿಡಗಳಿರುವಂತೆ ಬಿತ್ತುವುದುಂಟು. ನೆರೆಯವನು ಹತ್ತಿರವಿದ್ದಾನೆಂಬುದು ಕಣ್ಣಿಲ್ಲದ ಗಿಡಕ್ಕೆ ತಿಳಿಯುವುದು ಹೇಗೆ? ಬೆಳಕಿನ ಬಣ್ಣದಿಂದ. ಹಸಿರೆಲೆ ಸುಮಾರು 660 ನ್ಯಾನೊಮೀಟರು ತರಂಗಾಂತರದ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಸುಮಾರು 730 ನ್ಯಾನೊಮೀಟರಿನ, ನಮ್ಮ ಕಣ್ಣಿಗೆ ಕಂಡೂ ಕಾಣದಂತಿರುವ ಅಂಚಿನ ಕೆಂಪನ್ನು ಬಿಟ್ಟುಕೊಡುತ್ತದೆ. ಇದನ್ನು ದೂರಗೆಂಪು ಎನ್ನೋಣ. ಗಿಡಗಳು ಒತ್ತಾಗಿದ್ದ ಕಡೆ ಎಲೆಯಿಂದೆಲೆಗೆ ಚಿಮ್ಮಿ ಬರುವ ಬೆಳಕಿನಲ್ಲಿ ಕೆಂಪು ಕಡಿಮೆ, ದೂರಗೆಂಪು ಹೆಚ್ಚು. ಈ ಪ್ರಮಾಣವನ್ನು ಅಳೆಯುವ ವರ್ಣದ್ರವ್ಯವೊಂದು ಗಿಡದಲ್ಲಿದೆ. ಕೆಂಪು ಬಿದ್ದರೆ ಒಂದು ರೂಪಕ್ಕೆ, ದೂರಗೆಂಪು ಬಿದ್ದರೆ ಇನ್ನೊಂದು ರೂಪಕ್ಕೆ ಅದು ತಿರುಗುತ್ತದೆ. ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು ಈ ಹಿಂದುಮುಂದಾಗುವ ಗುಣವನ್ನು 1952ರಲ್ಲಿ ಪ್ರಕಟಪಡಿಸಿದರು. ಅದಕ್ಕೆ ಫೈಟೊಕ್ರೋಮ್ ಎಂದು ಹೆಸರು. ನೆರಳು ಬೀಳುವುದಕ್ಕೆ ಮೊದಲೇ, ಪಕ್ಕದ ಎಲೆಯಿಂದ ಪುಟಿದ ದೂರಗೆಂಪಿನ ಸೂಚನೆಯಿಂದಲೇ ಗಿಡ ಗೆಣ್ಣು ಗೆಣ್ಣುಗಳ ನಡುವಣ ಅಂತರವನ್ನು ಹೆಚ್ಚಿಸಿಕೊಂಡು ಮೇಲಕ್ಕೆ ಓಡಲು ತೊಡಗುತ್ತದೆ. ಪೈಪೋಟಿಯಲ್ಲಿ ಹಿಂದೆ ಬಿದ್ದ ಗಿಡ ನೆರಳಿನಲ್ಲಿ ಸಾಯುತ್ತದೆ.

ಅದೇ ಬೀಜವನ್ನು ಒಂದೊಂದು ಮೀಟರು ಬಿಟ್ಟು ನೆಟ್ಟರೆ ಪೊದೆಯಾಗುತ್ತದೆ. ಕ್ಯಾನಬಿಸ್ ಗಿಡದಲ್ಲಿ ಪ್ರತಿ ಎಲೆಯ ಕಂಕುಳಲ್ಲಿಯೂ ಒಂದು ಮೊಗ್ಗು ಕಾದಿರುತ್ತದೆ. ತುದಿಯ ಕುಡಿಯಿಂದ ಕೆಳಗಿಳಿದು ಬರುವ ಆಕ್ಸಿನ್ ಎಂಬ ರಸ ಈ ಮೊಗ್ಗುಗಳನ್ನು ತಡೆದಿಡುತ್ತದೆಂಬುದನ್ನು ಥೀಮನ್ ಮತ್ತು ಸ್ಕೂಗ್ 1930ರ ದಶಕದಲ್ಲಿ ಪ್ರಯೋಗದಿಂದ ತೋರಿಸಿದರು. ಸೇವಂತಿಗೆ ಬೆಳೆಯುವ ನಮ್ಮ ರೈತರು ಕುಡಿ ಚಿವುಟಿ ಗಿಡವನ್ನು ಹರಡಿಸುವುದು ಈ ತಡೆಯನ್ನು ತೆಗೆಯುವ ಉಪಾಯವೇ. ತಡೆ ಬಲವಾಗಿರುವ ತಳಿ ಕಂಬದಂತಾಗುತ್ತದೆ, ಸಡಿಲವಾಗಿರುವುದು ಪೊದೆಯಾಗುತ್ತದೆ. ತಳಿಯ ನಿಜವಾದ ಒಲವನ್ನು ತಿಳಿಯಬೇಕಾದರೆ ತಳಿತಜ್ಞ ಎಲ್ಲ ತಳಿಗಳನ್ನೂ ಒಂದೇ ಅಂತರದಲ್ಲಿ ನೆಟ್ಟು ನೋಡಬೇಕು. ಈ ಎಚ್ಚರಿಕೆಯಿಲ್ಲದೆ ಹೊಲದ ನೋಟವನ್ನೇ ನಂಬಿ ಮಾಡಿದ ವರ್ಣನೆಗಳು ಹಳೆಯ ಗ್ರಂಥಗಳಲ್ಲಿ ಎಷ್ಟೋ ಇವೆ.

ಮೈಕಟ್ಟನ್ನು ನಿರ್ಧರಿಸುವ ಎಲ್ಲಕ್ಕಿಂತ ದೊಡ್ಡ ಅಧಿಕಾರಿಯೆಂದರೆ ಹಗಲಿನ ಉದ್ದ. ಹೂ ಬಿಡಲು ತೊಡಗಿದ ಗಿಡ ಎತ್ತರಕ್ಕೆ ಬೆಳೆಯುವುದನ್ನು ಬೇಗನೆ ನಿಲ್ಲಿಸುತ್ತದೆ. ಆದುದರಿಂದ ಹೂವಿನ ದಿನವೇ ಎತ್ತರದ ಎಲ್ಲೆ. ಪ್ಯಾರಿಸಿನಲ್ಲಿ ಝೂಲಿಯೆನ್ ಟೂರ್ನ್ವಾ ಎಂಬ ತರುಣ ವಿಜ್ಞಾನಿ 1912ರ ಸುಮಾರಿಗೆ ಇದೇ ಗಿಡವನ್ನೂ ಹಾಪ್ ಬಳ್ಳಿಯನ್ನೂ ಚಳಿಗಾಲದಲ್ಲಿ ಗಾಜಿನ ಮನೆಯಲ್ಲಿ ಬೆಳೆಸಿದಾಗ, ಸಣ್ಣ ಸಸಿಗಳೇ ಹೂ ಬಿಟ್ಟವು. ಇದಕ್ಕೆ ಕಾರಣ ಶಾಖವಲ್ಲ, ಹಗಲು ಕಿರಿದಾಗಿರುವುದೇ ಎಂದು ಅವನು ಊಹಿಸಿದನು. ಕಾರಣ ಹಗಲಿನ ಕಿರಿತನಕ್ಕಿಂತ ಇರುಳಿನ ಹಿರಿತನವಾಗಿರಬಹುದೆಂದು ಕೂಡ ಬರೆದನು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. 1914ರಲ್ಲಿಯೇ ಅವನು ರಣರಂಗದಲ್ಲಿ ಮಡಿದನು. ಈ ವಿಷಯವನ್ನು ಶಾಸ್ತ್ರವಾಗಿ ನೆಲೆಗೊಳಿಸಿದ ಕೀರ್ತಿ 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಅವರಿಗೆ ಸಂದಿತು. ಇರುಳಿನ ಉದ್ದವೇ ಮುಖ್ಯವೆಂಬ ಟೂರ್ನ್ವಾನ ಊಹೆ ಆಮೇಲೆ ನಿಜವೆಂದು ತೇಲಿತು.

ಯೂರೋಪಿನ ಅನೇಕ ನಾರಿನ ತಳಿಗಳಿಗೆ ಹಗಲು ಸುಮಾರು 14 ಗಂಟೆಗಿಂತ ಇಳಿದರೆ ಹೂವಿನ ಸೂಚನೆ ಸಿಗುತ್ತದೆ. ಈಗ ಲೆಕ್ಕ ನೋಡಿರಿ. ಪ್ಯಾರಿಸಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ. ಅದು 14 ಗಂಟೆಗೆ ಇಳಿಯುವ ಹೊತ್ತಿಗೆ ಆಗಸ್ಟ್ ಕೊನೆಯಾಗುತ್ತದೆ. ಅಲ್ಲಿಯವರೆಗೂ ಗಿಡ ಮೇಲೇರುತ್ತಲೇ ಇರಬಹುದು. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಇಲ್ಲಿ ವರ್ಷದ ಅತ್ಯಂತ ಉದ್ದದ ಹಗಲು 12 ಗಂಟೆ 53 ನಿಮಿಷದ ಆಸುಪಾಸು, ಅತ್ಯಂತ ಚಿಕ್ಕದು 11 ಗಂಟೆ 21 ನಿಮಿಷದ ಆಸುಪಾಸು. ಎಂದರೆ ಆ ತಳಿಗೆ ನಮ್ಮಲ್ಲಿ ವರ್ಷವೆಲ್ಲ ಶರತ್ಕಾಲವೇ! ಎಳೆತನ ಕಳೆಯುತ್ತಲೇ ಅದು ಮೊಣಕಾಲೆತ್ತರದಲ್ಲಿಯೇ ಹೂ ಬಿಟ್ಟು ಬೆಳವಣಿಗೆಯನ್ನು ಮುಗಿಸುತ್ತದೆ. ತದ್ವಿರುದ್ಧವಾಗಿ, ದಕ್ಷಿಣದ ತಳಿಯನ್ನು ಉತ್ತರಕ್ಕೆ ಒಯ್ದರೆ ಹೂವು ಬಹಳ ತಡವಾಗಿ, ಗಿಡ ಭಾರಿಯಾಗಿ ಬೆಳೆಯುತ್ತದೆ. ಬೀಜ ಬಲಿಯುವುದಕ್ಕೆ ಮೊದಲೇ ಹಿಮ ಬೀಳುತ್ತದೆ. ನಾರು ಮಾತ್ರ ಬೇಕೆನ್ನುವವರು ಇದನ್ನೇ ಲಾಭ ಮಾಡಿಕೊಂಡು ಬೀಜವನ್ನು ದಕ್ಷಿಣದಲ್ಲಿ ಬೆಳೆಸಿ, ಬೆಳೆಯನ್ನು ಉತ್ತರದಲ್ಲಿ ತೆಗೆಯುವುದುಂಟು.

ಬೀಜ ಬೇಕೆನ್ನುವವನ ಕಷ್ಟ ಬೇರೆ. ಫಿನ್‌ಲೆಂಡಿನ ದಕ್ಷಿಣದಲ್ಲಿ ನಡುಬೇಸಿಗೆಯ ಹಗಲು ಸುಮಾರು 19 ಗಂಟೆ. ಹಗಲು ಕುಗ್ಗುವುದನ್ನು ಕಾಯುತ್ತ ಕುಳಿತರೆ ಅಲ್ಲಿ ಕಾಳು ಬಲಿಯುವಂತಿಲ್ಲ. ಆದರೆ ರಷ್ಯದ ಉತ್ತರ ಭಾಗದ ಗಿಡಗಳು ಹಗಲನ್ನು ಲೆಕ್ಕಿಸದೆ ತಮ್ಮ ವಯಸ್ಸಿಗೆ ತಕ್ಕಂತೆ ಹೂ ಬಿಡುವುದನ್ನು ಕಲಿತಿದ್ದವು. ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಸಂಸ್ಥೆಯ ಬೀಜಸಂಗ್ರಹದಿಂದ ಪಡೆದ ಇಂತಹ ಗಿಡಗಳಿಂದ 1990ರ ದಶಕದಲ್ಲಿ ಫಿನ್‌ಲೆಂಡಿನಲ್ಲಿ ಫಿನೋಲ ಎಂಬ ಕುಳ್ಳು ತಳಿ ತಯಾರಾಯಿತು. ಕಾಳಿಗಾಗಿ ಬೆಳೆಯುವ ಈ ಗಿಡವನ್ನು ಗೋಧಿಯಂತೆ ಯಂತ್ರದಿಂದ ಕೊಯ್ಯಬಹುದು. ನಾಲ್ಕು ಮೀಟರಿನ ಗಿಡವಾದರೆ ಅದರ ನಾರು ಯಂತ್ರದ ಅಚ್ಚಿಗೆ ಸುತ್ತಿಕೊಂಡು ಕೊಯ್ಲೇ ನಿಂತುಹೋಗುತ್ತದೆ. ಹಗಲನ್ನು ಲೆಕ್ಕಿಸದ ಈ ಗುಣವನ್ನು ಸಾಧಾರಣ ಗಿಡದೊಡನೆ ಕೂಡಿಸಿದರೆ ಮೊದಲನೆಯ ಪೀಳಿಗೆಯಲ್ಲಿ ಅದು ಸಾಮಾನ್ಯವಾಗಿ ಮರೆಯಾಗುತ್ತದೆ. ಎರಡನೆಯ ಪೀಳಿಗೆಯಲ್ಲಿ ಕಾಲುಭಾಗದಷ್ಟು ಗಿಡಗಳಲ್ಲಿ ಮತ್ತೆ ತಲೆಯೆತ್ತುತ್ತದೆ. ಮೆಂಡೆಲನ ಬಟಾಣಿಯನ್ನು ಓದಿದ ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ಹೂ ಬಿಡುವ ಕಾಲ ಬಂದುದಕ್ಕೆ ಗಿಡ ಒಂದು ಗುರುತನ್ನೂ ಕೊಡುತ್ತದೆ. ಬುಡದ ಎಲೆಗಳು ಗೆಣ್ಣಿಗೆ ಎರಡರಂತೆ ಎದುರುಬದುರಾಗಿರುತ್ತವೆ. ಹೂವಿನ ಹಂತ ಸಮೀಪಿಸಿದಂತೆ ಒಂದಾದ ಮೇಲೊಂದು ಪರ್ಯಾಯವಾಗಿ ಹೊರಡುತ್ತವೆ. ಸಸಿಯ ಮೊದಲ ಎಲೆಗೆ ಒಂದೇ ಬೆರಳು. ಬರಬರುತ್ತ ಮೂರು, ಐದು, ಏಳು, ಒಂಬತ್ತು. ಹೂವಿನ ಬಳಿ ಮತ್ತೆ ಇಳಿಕೆ.

ಇನ್ನು ಗಂಡು ಹೆಣ್ಣಿನ ವಿಚಾರ. ಪರಂಗಿಯಂತೆ ಇದರಲ್ಲಿಯೂ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಇವುಗಳ ಮೈಕಟ್ಟೂ ಬೇರೆ. ಗಂಡು ನೀಳ, ತೆಳು. ಪರಾಗವನ್ನು ಗಾಳಿಗೆ ತೂರಿ ನಾಲ್ಕಾರು ವಾರ ಮೊದಲೇ ಒಣಗಿಹೋಗುತ್ತದೆ. ಹೆಣ್ಣು ಗಿಡ್ಡ, ಗಟ್ಟಿ, ಸೊಂಪು. ಗಟ್ಟಿಯಾದುದೇ ಗಂಡಿರಬೇಕೆಂದು ಹಳೆಯ ಇಂಗ್ಲಿಷ್ ರೈತರು ಬೀಜದ ಗಿಡಕ್ಕೆ ‘ಕಾರ್ಲ್’, ಎಂದರೆ ಗಂಡಾಳು, ಎಂಬ ಹೆಸರಿಟ್ಟು, ನಿಜವಾದ ಗಂಡಿಗೆ ಹೆಣ್ಣೆಂಬ ಅರ್ಥದ ‘ಫಿಂಬಲ್’ ಎಂಬ ಹೆಸರನ್ನು ಕೊಟ್ಟಿದ್ದರು! ಸೊಂಪಾಗಿ ಗಟ್ಟಿಯಾಗಿ ನಿಂತುದಕ್ಕೆಲ್ಲ ಗಂಡೆಂಬ ಬಿರುದನ್ನು ಕೊಡುವ ಚಪಲ ಹೊಸದೇನಲ್ಲ. ಗಂಡನ್ನು ಮೊದಲು, ಹೆಣ್ಣನ್ನು ಆಮೇಲೆ ಕೈಯಿಂದ ಕಿತ್ತು ತೆಗೆಯುತ್ತಿದ್ದ ಕಾಲದಲ್ಲಿ ಈ ಭೇದ ತೊಡಕಾಗಿರಲಿಲ್ಲ; ಯಂತ್ರ ಬಂದ ಮೇಲೆ ಹೊಲವೆಲ್ಲ ಒಟ್ಟಿಗೆ ಬಲಿಯಬೇಕಾಯಿತು. ಆದುದರಿಂದ 20ನೆಯ ಶತಮಾನದ ತಳಿತಜ್ಞರು ಎರಡು ಬಗೆಯ ಹೂವನ್ನೂ ಒಂದೇ ಗಿಡದಲ್ಲಿ ಬಿಡುವ ಅಪೂರ್ವ ಗಿಡಗಳನ್ನು ಆಯ್ದು ಅವುಗಳಿಂದ ತಳಿಗಳನ್ನು ಕಟ್ಟಿದರು. ಜರ್ಮನಿಯ ಫಾನ್ ಸೆಂಗ್‌ಬುಶ್ ಇದರಲ್ಲಿ ಮುಂದಾಳು. ಈ ಗಿಡಗಳ ವರ್ಣತಂತು ಹೆಣ್ಣಿನದೇ, ಮೈಕಟ್ಟೂ ಹೆಣ್ಣಿನದೇ. ಹಂಗೆರಿಯ ಕೊಂಪೋಲ್ಟ್ ಎಂಬಲ್ಲಿ ಇವಾನ್ ಬೋಚಾ 1960ರ ದಶಕದಲ್ಲಿ ಇದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಸಾಧಾರಣ ಹೆಣ್ಣುಗಿಡಕ್ಕೆ ಇಂತಹ ದ್ವಿಹೂವಿನ ಗಿಡದ ಪರಾಗವನ್ನು ಕೊಟ್ಟರೆ ಎರಡು ಕಡೆಯಿಂದಲೂ ಹೆಣ್ಣಿನ ವರ್ಣತಂತುವೇ ಬರುವುದರಿಂದ ಹುಟ್ಟುವ ಸಂತಾನವೆಲ್ಲ ಹೆಚ್ಚುಕಡಿಮೆ ಹೆಣ್ಣೇ.

ನಾರಿನ ಪ್ರಮಾಣವನ್ನು ಹೆಚ್ಚಿಸಿದ ಕಥೆಯೂ ಸೊಗಸಾಗಿದೆ. ಒಂದು ಗಿಡದಲ್ಲಿ ನಾರು ಎಷ್ಟಿದೆಯೆಂದು ತಿಳಿಯಬೇಕಾದರೆ ಅದನ್ನು ಕೊಯ್ಯಬೇಕು, ಕೊಯ್ದರೆ ಸಂತಾನವಿಲ್ಲ, ಬಲಿಯುವವರೆಗೆ ಕಾದರೆ ಕೀಳು ಗಂಡುಗಳ ಪರಾಗವೂ ಆಗಲೇ ಹೊಲದ ತುಂಬ ಹರಡಿರುತ್ತದೆ. ಜರ್ಮನಿಯ ಬ್ರೆಡೆಮನ್ ಇದಕ್ಕೊಂದು ಯುಕ್ತಿಯನ್ನು ಕಂಡುಹಿಡಿದನು. ಗಂಡುಗಿಡ ಹೂವರಳಿಸುವ ಮೊದಲೇ ಅದರ ಕಾಂಡವನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಂದು ಅರ್ಧವನ್ನು ಕೊಯ್ದು ನಾರನ್ನು ತೂಗುವುದು. ಇನ್ನರ್ಧದ ಮೇಲೆ ಗಿಡ ಜೀವ ಹಿಡಿದಿರುತ್ತದೆ. ತೂಕದಲ್ಲಿ ಗೆದ್ದ ಗಂಡುಗಳಿಗೆ ಮಾತ್ರ ಹೂವರಳಿಸುವ ಅಪ್ಪಣೆ! ಪೀಳಿಗೆಯಿಂದ ಪೀಳಿಗೆಗೆ ಹೀಗೆ ಆರಿಸುತ್ತ ಹೋಗಿ ಕೆಲವು ದಶಕಗಳಲ್ಲಿ ಕಾಂಡದ ನಾರಿನಂಶ ಸುಮಾರು ಇಮ್ಮಡಿಯಾಯಿತು. ಆದರೆ ಪ್ರಕೃತಿ ಪುಕ್ಕಟೆಯಾಗಿ ಕೊಡುವುದಿಲ್ಲ: ಹೆಚ್ಚಿದ ನಾರಿನಲ್ಲಿ ಗಿಡ್ಡ ಎಳೆಯ ದ್ವಿತೀಯಕ ನಾರಿನ ಪಾಲೂ ಹೆಚ್ಚಿತು.

ಅಮಲಿಗಾಗಿ ಬೆಳೆಯುವವರ ಆಯ್ಕೆ ಇದಕ್ಕೆಲ್ಲ ವಿರುದ್ಧ ದಿಕ್ಕಿನದು. ಅಮಲಿನ ರಾಳ ಒಸರುವುದು ಹೆಣ್ಣುಹೂವಿನ ಸುತ್ತಲಿನ ಕಿರಿಯೆಲೆಗಳ ಮೇಲಿರುವ ಗ್ರಂಥಿರೋಮಗಳಲ್ಲಿ. ಹೂ ಹೆಚ್ಚಬೇಕಾದರೆ ಕವಲು ಹೆಚ್ಚಬೇಕು. ಬ್ರಿಟಿಷರ ಆಡಳಿತದಲ್ಲಿ ಬಂಗಾಲದ, ಈಗಿನ ಬಾಂಗ್ಲಾದೇಶದ, ನವಗಾಂವ್ ಸೀಮೆಯಲ್ಲಿ ಸರ್ಕಾರದ ಪರವಾನಗಿಯಿಂದ ಗಾಂಜಾ ಬೆಳೆಯುತ್ತಿದ್ದರು. ಡೇವಿಡ್ ಪ್ರೇನ್ 1893ರಲ್ಲಿ ಅಲ್ಲಿಯ ಬೇಸಾಯವನ್ನು ಕುರಿತು ವಿಸ್ತಾರವಾದ ವರದಿಯನ್ನು ಬರೆದನು. ಗಿಡಗಳನ್ನು ಬಿಡಿಬಿಡಿಯಾಗಿ ನೆಟ್ಟು, ಗಂಡುಗಿಡಗಳನ್ನು ಹೂವರಳುವ ಮೊದಲೇ ಗುರುತಿಸಿ ಕೀಳಲು ನುರಿತ ಆಳುಗಳನ್ನು ಕರೆಸುತ್ತಿದ್ದರು. ಇವರಿಗೆ ಇಂಗ್ಲಿಷಿನಲ್ಲಿ ‘ಗಾಂಜಾ ಡಾಕ್ಟರು’ ಎಂದೇ ಹೆಸರು. ಪರಾಗ ತಾಗದ ಹೆಣ್ಣು ಕಾಳು ಕಟ್ಟದೆ ಹೂವಿನ ಮೇಲೆ ಹೂವನ್ನು ಬಿಡುತ್ತ ರಾಳವನ್ನು ಹೆಚ್ಚಿಸಿಕೊಳ್ಳುತ್ತದೆಂಬುದು ಅವರಿಗೆ ಅನುಭವದಿಂದ ತಿಳಿದಿತ್ತು.

ಹಾಗಾದರೆ ನೀಳವಾಗಿ ನಿಂತುದು ನಾರಿನ ಗಿಡ, ಪೊದೆಯಾದುದು ಅಮಲಿನ ಗಿಡ ಎಂದು ನೋಡಿದೊಡನೆ ತೀರ್ಮಾನಿಸಬಹುದೆ? ಕಾನೂನಿಗೂ ರೈತನಿಗೂ ಸಂಕಟವಿರುವುದು ಇಲ್ಲಿಯೇ. ಹಾಗೆ ತೀರ್ಮಾನಿಸುವಂತಿಲ್ಲ. ಅಮಲಿನ ಪದಾರ್ಥವಾದ ಟೆಟ್ರಾಹೈಡ್ರೊಕ್ಯಾನಬಿನಾಲ್ ಆಗಲಿ, ಅಮಲೇರಿಸದ ಕ್ಯಾನಬಿಡಿಯಾಲ್ ಆಗಲಿ, ಎರಡೂ ಒಂದೇ ಮೂಲವಸ್ತುವಿನಿಂದ ಹುಟ್ಟುತ್ತವೆ. ಯಾವುದು ಹುಟ್ಟಬೇಕೆಂಬುದು ಬಹುಮಟ್ಟಿಗೆ ಒಂದೇ ಆನುವಂಶಿಕ ಸ್ಥಾನದಲ್ಲಿ ನಿರ್ಧಾರವಾಗುತ್ತದೆಂದು ದ ಮೆಯರ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಎರಡು ಬಗೆಯನ್ನು ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಎರಡೂ ಪದಾರ್ಥಗಳಿರುತ್ತವೆ. ಮುಂದಿನ ಪೀಳಿಗೆಯಲ್ಲಿ 1:2:1ರಂತೆ ಒಡೆಯುತ್ತದೆ. ಎತ್ತರ, ಕವಲು, ಹೂವಿನ ಕಾಲ ಇವುಗಳನ್ನು ಆಳುವ ಅಂಶಗಳು ಬೇರೆ. ನೀಳ ಕಾಂಡದ ಅಮಲಿನ ಗಿಡವೂ ಪೊದೆಯಾದ ನಿರಪರಾಧಿ ಗಿಡವೂ ಇರಬಲ್ಲವು.

1976ರಲ್ಲಿ ಸ್ಮಾಲ್ ಮತ್ತು ಕ್ರಾಂಕ್ವಿಸ್ಟ್ ಎಂಬ ಸಸ್ಯಶಾಸ್ತ್ರಜ್ಞರು ಎರಡು ಬಗೆಯನ್ನು ಬೇರ್ಪಡಿಸಲು ಒಣಗಿದ ಎಳೆಯ ಎಲೆಗಳಲ್ಲಿ ಅಮಲಿನ ಅಂಶ ನೂರಕ್ಕೆ 0.3 ಎಂಬ ಗೆರೆಯನ್ನು ಎಳೆದರು. ವರ್ಗೀಕರಣದ ಅನುಕೂಲಕ್ಕೆ ಎಳೆದ ಈ ಗೆರೆ ಆಮೇಲೆ ಅನೇಕ ದೇಶಗಳ ಕಾನೂನಿನೊಳಗೆ ಸೇರಿಕೊಂಡಿತು. ನಮ್ಮ ದೇಶದ 1985ರ ಮಾದಕ ದ್ರವ್ಯಗಳ ಕಾಯಿದೆಯಲ್ಲಿ ಗಾಂಜಾ ಬೆಳೆಯುವುದು ಅಪರಾಧ. ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಸರ್ಕಾರ ವಿಶೇಷ ಅನುಮತಿ ಕೊಡಬಹುದೆಂದು ಅದರ 14ನೆಯ ವಿಧಿ ಹೇಳುತ್ತದೆ. ಉತ್ತರಾಖಂಡ ರಾಜ್ಯ 2018ರಲ್ಲಿ ಇಂತಹ ಪರವಾನಗಿಯನ್ನು ಕೊಡಲು ತೊಡಗಿತು. ಮಿತಿ ಅದೇ 0.3. ಕುಮಾವೂಂ ಮತ್ತು ಗಢವಾಲದ ಬೆಟ್ಟದ ಜನ ಭಂಗಿಯ ನಾರಿನಿಂದ ಹಗ್ಗ ಹೊಸೆದು ಒರಟು ಬಟ್ಟೆ ನೇಯ್ದು ಬಾಳಿದವರು. ಆದರೆ ಅವರ ಬೆಟ್ಟದ ನಾಟಿ ಗಿಡಗಳಲ್ಲಿ ಅನೇಕವು, ನಾರು ಕೊಡುವ ನೀಳ ಗಿಡಗಳೂ ಸೇರಿ, ಆ ಗೆರೆಯನ್ನು ದಾಟುತ್ತವೆ. ಯೂರೋಪಿನ ಅನುಮೋದಿತ ತಳಿಗಳನ್ನು ತರಿಸೋಣವೆಂದರೆ 30 ಡಿಗ್ರಿ ಅಕ್ಷಾಂಶದ ಹಗಲಿಗೆ ಅವು ಬೇಗ ಹೂ ಬಿಟ್ಟು ಗಿಡ್ಡವಾಗಿಯೇ ಉಳಿಯುತ್ತವೆ. ಸ್ಥಳೀಯ ಗಿಡದ ಎತ್ತರವನ್ನೂ ತಡವಾದ ಹೂವನ್ನೂ ಉಳಿಸಿಕೊಂಡು, ಅಮಲಿನ ಸ್ಥಾನದಲ್ಲಿ ಮಾತ್ರ ಬದಲಾವಣೆ ತರಬೇಕು. ಇದು ಆಗದ ಕೆಲಸವೇನಲ್ಲ. ಆ ಆನುವಂಶಿಕ ಸ್ಥಾನವನ್ನು ಎರಡೆಲೆಯ ಸಸಿಯಲ್ಲಿಯೇ ಪರೀಕ್ಷಿಸುವ ವಿಧಾನ ಈಗ ಇದೆ. ಬೇಡದ ಸಸಿಯನ್ನು ಆಗಲೇ ತೆಗೆದುಹಾಕಬಹುದು.

ತೊಡಕು ಆಮೇಲಿನದು. ಈ ಗಿಡದ ಪರಾಗ ಗಾಳಿಯಲ್ಲಿ ಹಲವು ಕಿಲೋಮೀಟರು ತೇಲಿಹೋಗುತ್ತದೆ. ಹಿಮಾಲಯದ ಇಳಿಜಾರುಗಳಲ್ಲಿಯೋ ದಾರಿಯ ಮಗ್ಗುಲಿಗೆಲ್ಲ ಕಾಡುಭಂಗಿ ತಾನಾಗಿ ಬೆಳೆದಿರುತ್ತದೆ. ಒಳ್ಳೆಯ ತಳಿಯ ಬೀಜವನ್ನು ರೈತ ತನ್ನ ಹೊಲದಲ್ಲಿಯೇ ಎತ್ತಿಟ್ಟುಕೊಂಡು ಮತ್ತೆ ಬಿತ್ತಿದರೆ, ಆ ಬೀಜಗಳಲ್ಲಿ ಎಷ್ಟಕ್ಕೆ ಕಾಡುಗಂಡಿನ ಪರಾಗ ತಾಗಿದೆಯೆಂಬುದನ್ನು ಬೆಳೆದು ನಿಂತ ಗಿಡದ ಆಕಾರದಿಂದ ಅವನು ತಿಳಿಯಲಾರನು. ಪ್ರಯೋಗಶಾಲೆಯ ಪರೀಕ್ಷೆಯೇ ಹೇಳಬೇಕು. ಆದುದರಿಂದ ಬೀಜದ ಹೊಲವನ್ನು ಕಾಡುಭಂಗಿಯಿಲ್ಲದ ದೂರದ ಬಯಲಿನಲ್ಲಿ ಬೆಳೆಸಿ, ಬೆಟ್ಟದ ರೈತನಿಗೆ ಪ್ರತಿ ವರ್ಷವೂ ಹೊಸ ಬೀಜವನ್ನು ಒದಗಿಸಬೇಕಾಗುತ್ತದೆ.